ಬೆಕ್ಕು ಕಳೆದಾಗ ಕೈಹಿಡಿದದ್ದು ಯಾವುದು: ವಾಟ್ಸಾಪ್, ಪೋಸ್ಟರ್, ಟಂಟಂ ಮೈಕು, ರಾತ್ರಿಯ ಟಾರ್ಚು

ಏಪ್ರಿಲ್ ಕೊನೆಯ ವಾರ ಕಲಬುರಗಿಯ ಬ್ರಹ್ಮಪುರದ ಹಳೆ ಮನೆ ಖಾಲಿ ಮಾಡಿ ಸೇಡಂ ರಸ್ತೆ ಕಡೆಯ ಬಡಾವಣೆಗೆ ಬಂದೆವು. ಸಾಮಾನು ಇಳಿಸುವಾಗ ಹಿಂಬಾಗಿಲು ತೆರೆದೇ ಇತ್ತು. ಹಮಾಲರು ಅಲಮಾರಿಯನ್ನು ಧಡ್ ಅಂತ ನೆಲಕ್ಕಿಟ್ಟರು. ಆ ಸಪ್ಪಳಕ್ಕೆ ನಮ್ಮ ಚಿಮಣಿ ಹೊರಗೆ ಹಾರಿದ್ದನ್ನು ಮಗಳೊಬ್ಬಳೇ ನೋಡಿದಳು. ಬೂದಿಬಣ್ಣದ ಹೆಣ್ಣು ಬೆಕ್ಕು, ಎಡ ಮುಂಗಾಲು ಬಿಳಿ, ನಾಲ್ಕು ವರ್ಷದ್ದು. ಕತ್ತಲಲ್ಲಿ ಅದರ ಕಣ್ಣು ಚಿಮಣಿ ದೀಪದ ಹಾಗೆ ಕಾಣುತ್ತವೆ ಅಂತ ನಮ್ಮ ಅತ್ತೆ ಇಟ್ಟ ಹೆಸರು. ಸಿಕ್ಕಿದ್ದು ಆರನೇ ರಾತ್ರಿ. ಅಷ್ಟರೊಳಗೆ ಯಾರು ಏನು ಹೇಳಿದರೋ ಎಲ್ಲ ಮಾಡಿದ್ದೆ. ಯಾವುದಕ್ಕೆ ಎಷ್ಟು ಹೊತ್ತು ಹೋಯಿತು, ಯಾವುದರಿಂದ ಏನು ಬಂತು ಅಂತ ಬರೆದಿಡುತ್ತಿದ್ದೇನೆ. ಬೆಕ್ಕು ಕಳೆದು ಎರಡನೇ ದಿನ ಮನಸ್ಸು ಹೇಗಿರುತ್ತದೆ ಅಂತ ನನಗೆ ಗೊತ್ತು, ಆಗ ಯೋಚಿಸಲಿಕ್ಕೆ ಆಗುವುದಿಲ್ಲ.

ಮೊದಲು ನಾಯಿಯ ಮಾತು ಹೇಳಬೇಕು, ಯಾಕೆಂದರೆ ನಾನು ದಾರಿ ತಪ್ಪಿದ್ದು ಅಲ್ಲಿಂದಲೇ. ಇದಕ್ಕೆ ಎರಡು ವರ್ಷ ಮೊದಲು ಬೀದರಿನಲ್ಲಿ ನನ್ನ ತಮ್ಮನ ನಾಯಿ ದೀಪಾವಳಿ ಪಟಾಕಿಗೆ ಹೆದರಿ ಓಡಿಹೋಗಿತ್ತು. ಮನೆ ಇರುವುದು ಹಳೆ ಊರಿನ ಚೌಬಾರಾ ಹತ್ತಿರ, ನಾಯಿ ಸಿಕ್ಕಿದ್ದು ಮರುದಿನ ಸಂಜೆ ಊರ ಹೊರವಲಯದ ನೌಬಾದಿನ ಒಂದು ಚಹಾದಂಗಡಿ ಮುಂದೆ. ತಮ್ಮ ಫೋಟೊವನ್ನು ಟಂಟಂ, ಅಂದರೆ ಮೂರು ಗಾಲಿಯ ಬಾಡಿಗೆ ಗಾಡಿ, ಓಡಿಸುವವರಿಗೆಲ್ಲ ಕಳಿಸಿದ್ದ, ಅವರಲ್ಲೊಬ್ಬ ಗುರುತು ಹಿಡಿದ. ನಾಯಿ ಹೆದರಿದರೆ ಓಡುತ್ತದೆ, ಓಡುತ್ತ ನೂರು ಜನರ ಕಣ್ಣಿಗೆ ಬೀಳುತ್ತದೆ, ಹಸಿವಾದರೆ ಯಾರದೋ ಮುಂದೆ ಬಾಲ ಆಡಿಸುತ್ತದೆ. ಅದಕ್ಕೇ ಸುದ್ದಿ ದೂರ ಹೋದಷ್ಟೂ ಒಳ್ಳೆಯದು. ಚಿಮಣಿ ಕಳೆದ ದಿನ ತಮ್ಮ ಫೋನಿನಲ್ಲಿ, "ಅಕ್ಕಾ, ಮೊದಲ ಫೋಟೊ ಹಾಕು, ಊರ ತುಂಬ ಹೋಗ್ಲಿ" ಅಂದ. ಹಾಗೇ ಮಾಡಿದೆ. ಎರಡು ದಿನ ಅದರಲ್ಲೇ ಹೋದವು.

ವಾಟ್ಸಾಪಿನ ಕಥೆ ಇಷ್ಟು. ಸ್ಟೇಟಸ್ ಹಾಕಿದೆ, ಹಳೆ ಓಣಿಯ ಗುಂಪು, ಮಗಳ ಶಾಲೆಯ ಗುಂಪು, ಬಡಾವಣೆಯವರ ಗುಂಪು, ಎಲ್ಲದರಲ್ಲೂ ಹಾಕಿದೆ. ಸಂಜೆಯೊಳಗೆ ಹುಮನಾಬಾದಿನಿಂದಲೂ ಆಳಂದದಿಂದಲೂ "ಅಯ್ಯೋ ಪಾಪ" ಬಂತು. ಹನ್ನೊಂದು ಬೆಕ್ಕುಗಳ ಫೋಟೊ ಬಂತು, ಒಂದೂ ನಮ್ಮದಲ್ಲ. ಮೂರನೇ ದಿನ ಒಬ್ಬ ಕರೆ ಮಾಡಿ, ಬೆಕ್ಕು ತನ್ನ ಹತ್ತಿರ ಇದೆ, ಮೊದಲು 1500 ರೂಪಾಯಿ ಹಾಕಿದರೆ ವಿಳಾಸ ಕೊಡುತ್ತೇನೆ ಅಂದ. ಹಾಕಿಬಿಡುತ್ತಿದ್ದೆನೇನೋ. ಮಗಳು ಪಕ್ಕದಿಂದ, "ಅವ್ವಾ, ಗದ್ದದ ಕೆಳಗ ಏನದ ಕೇಳು" ಅಂದಳು. ಚಿಮಣಿಯ ಗದ್ದದ ಕೆಳಗೆ ಹೆಸರುಕಾಳಿನಷ್ಟು ಕರಿ ಚುಕ್ಕೆ ಇದೆ, ಫೋಟೊದಲ್ಲಿ ಅದು ಕಾಣುವುದಿಲ್ಲ. ಕೇಳಿದ ಕೂಡಲೇ ಫೋನ್ ಇಟ್ಟ. ಎಲ್ಲೇ ಸುದ್ದಿ ಹಾಕಿದರೂ ಇಂಥ ಒಂದು ಗುರುತನ್ನು ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ. ಗುಂಪುಗಳಲ್ಲಿ ಕೆಲಸಕ್ಕೆ ಬಂದದ್ದು ಬಡಾವಣೆಯದೊಂದೇ. ಅದರಿಂದಾಗಿ ನಾನು ರಾತ್ರಿ ಟಾರ್ಚು ಹಿಡಿದು ಕಾಂಪೌಂಡುಗಳಲ್ಲಿ ಬಗ್ಗಿ ನೋಡಿದರೂ ಹೊಸ ನೆರೆಹೊರೆಯವರು ಕಳ್ಳಿ ಅಂತ ತಿಳಿಯಲಿಲ್ಲ.

ಪೋಸ್ಟರು ವಾಟ್ಸಾಪಿಗಿಂತ ಮೇಲು ಅಂತ ಈಗಲೂ ಹೇಳುತ್ತೇನೆ, ಆದರೆ ಅಂಟಿಸುವ ಜಾಗ ನೋಡಿಕೊಳ್ಳಬೇಕು. ಮೊದಲು 60 ಜೆರಾಕ್ಸ್ ಹೊಡೆಸಿ ಕರೆಂಟು ಕಂಬಗಳಿಗೆ ಅಂಟಿಸಿದೆ. ಬೂದಿ ಬೆಕ್ಕಿನ ಕಪ್ಪುಬಿಳುಪು ಜೆರಾಕ್ಸು ಬರೀ ಒಂದು ಕರಿ ಮಚ್ಚೆ. ನಮ್ಮ ಬಿಸಿಲಿಗೆ ಅಂಟು ಒಣಗಿ ಮಧ್ಯಾಹ್ನದೊಳಗೆ ಅರ್ಧ ಹಾಳೆ ಕಳಚಿ ಬಿದ್ದಿದ್ದವು. ಮರುದಿನ ಎಂಟೇ ಹಾಳೆ, ಬಣ್ಣದಲ್ಲಿ, ನೆರಳಿನಲ್ಲಿ: ಕಿರಾಣಿ ಅಂಗಡಿ, ಹಿಟ್ಟಿನ ಗಿರಣಿ, ಮಸೀದಿ ಎದುರಿನ ಚಹಾದಂಗಡಿ, ಶುದ್ಧ ನೀರಿನ ಘಟಕ. ಮೇಲೆ ದೊಡ್ಡದಾಗಿ "ಬೆಕ್ಕು ಕಳೆದಿದೆ, ಹಿಡಿಯಬೇಡಿ, ಫೋನ್ ಮಾಡಿ" ಅಂತ ಕನ್ನಡದಲ್ಲಿ, ಕೆಳಗೆ ಅದನ್ನೇ ಉರ್ದುವಿನಲ್ಲಿ. ಪಕ್ಕದ ಮನೆಯ ಖಾಲಾ ತಮ್ಮ ಕೈಯಿಂದಲೇ ಬರೆದುಕೊಟ್ಟರು. ನೀರಿನ ಘಟಕದ ಹಾಳೆಗೆ ಹೋಲುವಂಥದ್ದು ಮತ್ತೊಂದಿಲ್ಲ. ಏಪ್ರಿಲಿನಲ್ಲಿ ಅಲ್ಲಿ ಎಲ್ಲರೂ ಕ್ಯಾನು ಇಟ್ಟುಕೊಂಡು ಸರದಿ ನಿಲ್ಲುತ್ತಾರೆ, ನಿಂತವರ ಕಣ್ಣು ಎದುರಿನ ಗೋಡೆಯ ಮೇಲೇ ಇರುತ್ತದೆ. ಬಂದ ನಿಜವಾದ ಎರಡು ಕರೆಯೂ ಅದೇ ಹಾಳೆ ನೋಡಿದವರದು. ಎರಡೂ ಕರೆ ನಮ್ಮದೇ ಸಾಲಿನವು. ಬೆಳಗಿನ ಜಾವ ಬೂದಿಬಣ್ಣದ್ದೇನೋ ಗೋಡೆ ಹಾರಿದ್ದು ಕಂಡಿತು ಅಂದರು.

ಟಂಟಂ ಮೈಕಿನ ವಿಷಯದಲ್ಲಿ ನನಗೆ ಇವತ್ತಿಗೂ ಸಂಕಟ. ಎರಡು ತಾಸಿಗೆ 900 ರೂಪಾಯಿ. ಬೆಕ್ಕಿನ ಬಣ್ಣ, ಬಹುಮಾನ, ಎಲ್ಲ ಒದರುತ್ತ ಬಡಾವಣೆ ಪೂರ್ತಿ ಸುತ್ತಿದರು. ಬೇಸಿಗೆ ರಜೆಯ ಹುಡುಗರು ಬಹುಮಾನ ಅಂದ ಕೂಡಲೇ ಕೋಲು ಹಿಡಿದು ಪೊದೆಗಳನ್ನು ಬಡಿಯಲಿಕ್ಕೆ ಶುರು ಮಾಡಿದರು. ಅಲಮಾರಿಯ ಸಪ್ಪಳಕ್ಕೇ ಹೆದರಿ ಓಡಿದ ಜೀವ ಅದು. ಅವತ್ತು ರಾತ್ರಿ ಇಟ್ಟ ಊಟ ಇಟ್ಟ ಹಾಗೇ ಇತ್ತು. ನಾಯಿಗಾದರೆ ಮೈಕು ಸರಿ, ಬೆಕ್ಕಿಗೆ ಖಂಡಿತ ಬೇಡ. ಬಹುಮಾನ ಕೊಡುವುದಿದ್ದರೆ ಕೊಡಿ, ಆದರೆ ಮೊದಲೇ ಹೇಳಬೇಡಿ.

ಕಷ್ಟದ ಒಂದು ಕೆಲಸವನ್ನು ಮೂರು ದಿನ ಮುಂದೂಡಿದ್ದೆ: ಕಸದ ಗಾಡಿಯವರನ್ನು ಕೇಳುವುದು. ರಸ್ತೆಯಲ್ಲಿ ಸತ್ತು ಬಿದ್ದದ್ದನ್ನು ಬೆಳಿಗ್ಗೆ ಮೊದಲು ಕಾಣುವವರು ಅವರೇ. ನಾಲ್ಕನೇ ದಿನ ಗಾಡಿ ಬಂದಾಗ ಬಾಯಿ ಬಿಟ್ಟು ಕೇಳಿದೆ. ಆ ತಾಯಿ ಪೊರಕೆ ಗೋಡೆಗೆ ಒರಗಿಸಿ, ಸೆರಗಿನಿಂದ ಮುಖ ಒರೆಸಿಕೊಂಡು, "ಇಲ್ರೀ ಅಕ್ಕಾ, ಬಿಳಿ ಕಾಲಿಂದು ನನ್ನ ಕಣ್ಣಿಗಿ ಬಿದ್ದಿಲ್ಲ. ಸತ್ತಿಲ್ಲ ಅದು. ಆ ಕಟ್ಟೋ ಮನಿ ಅದಲ್ರೀ, ನೀರಿನ ತೊಟ್ಟಿ ಹತ್ರ ನೋಡ್ರಿ. ಇಂಥಾ ಬಿಸಿಲಾಗ ನೀರ ಬಿಟ್ಟ ಎಲ್ಲಿಗಿ ಹೋದೀತು?" ಅಂದರು. ಊರಿಗೆಲ್ಲ ಫೋಟೊ ಕಳಿಸಿದ ನನಗೆ ನಮ್ಮಿಂದ ನಾಲ್ಕನೇ ಸೈಟಿನಲ್ಲಿ ನೀರಿನ ತೊಟ್ಟಿ ಇದೆ ಅಂತ ಹೊಳೆದಿರಲಿಲ್ಲ. ಹಾಲಿನವರು, ಪೇಪರಿನ ಹುಡುಗ, ಕಟ್ಟುವ ಮನೆಯ ಕಾವಲಿನವರು, ಇವರನ್ನು ಮೊದಲ ದಿನವೇ ಕೇಳಿ. ಬೆಕ್ಕು ಓಡಾಡುವ ಹೊತ್ತಿಗೆ ಎದ್ದಿರುವವರು ಇವರೊಬ್ಬರೇ.

ಚಿಮಣಿ ಮನೆಯೊಳಗೆ ಕಕ್ಕಸಿಗೆ ಕೂರುವ ಮಣ್ಣು ತುಂಬಿದ ತಟ್ಟೆಯನ್ನು ಹೊರಗಿಡಿ, ವಾಸನೆ ಹಿಡಿದು ಬರುತ್ತದೆ ಅಂತ ಬಹಳ ಜನ ಹೇಳಿದರು. ಇಟ್ಟೆ. ಬಂದದ್ದು ಓಣಿಯ ಎರಡು ಗಂಡು ಬೆಕ್ಕು, ಬಾಗಿಲಿಗೆಲ್ಲ ಉಚ್ಚೆ ಹೊಡೆದು ಹೋದವು. ಅವು ಕಾವಲಿದ್ದರೆ ಹೆದರಿದ ಹೆಣ್ಣು ಬೆಕ್ಕು ಹತ್ತಿರ ಬರುತ್ತದೆಯೇ? ಎತ್ತಿ ಒಳಗಿಟ್ಟು, ಅದು ದಿನಾ ಮಲಗುತ್ತಿದ್ದ ನನ್ನ ಹಳೆ ಕೌದಿಯನ್ನು ಕಟ್ಟೆ ಮೇಲೆ ಹಾಸಿದೆ. ಕೌದಿಯಿಂದ ಉಪಯೋಗವಾಯಿತೋ ಇಲ್ಲವೋ ಖಾತ್ರಿ ಹೇಳಲಾರೆ, ಹಾನಿಯಂತೂ ಆಗಲಿಲ್ಲ.

ಊಟ ಇಡುವುದರಲ್ಲೂ ಒಂದು ಪಾಠ ಕಲಿತೆ. ಬಟ್ಟಲು ಖಾಲಿಯಾದರೆ ತಿಂದದ್ದು ಯಾರು? ಸುತ್ತಲೂ ಜೋಳದ ಹಿಟ್ಟು ಜರಡಿ ಹಿಡಿದು ಉದುರಿಸಿದೆ, ಹೆಜ್ಜೆ ಮೂಡಲಿ ಅಂತ. ಬೆಳಗಾಗುವುದರೊಳಗೆ ಇರುವೆ ಸಾಲುಗಟ್ಟಿದ್ದವು. ಆಮೇಲೆ ಕಟ್ಟುವ ಮನೆಯಿಂದ ಪರ್ಸಿ, ಅಂದರೆ ನೆಲಕ್ಕೆ ಹಾಸುವ ಕಲ್ಲು, ಪಾಲಿಶ್ ಮಾಡಿದ ಪುಡಿ ತಂದೆ, ಒಣಗಿದ್ದು, ಮುಖಕ್ಕೆ ಹಚ್ಚುವ ಪೌಡರಿನಷ್ಟು ನಯ. ಇರುವೆ ಹತ್ತಲಿಲ್ಲ, ಹೆಜ್ಜೆ ಅಚ್ಚೊತ್ತಿದಂತೆ ಬಂತು. ನಾಯಿಯ ಹೆಜ್ಜೆಯಲ್ಲಿ ಉಗುರಿನ ಚುಕ್ಕೆ ಇರುತ್ತದೆ, ಬೆಕ್ಕು ಉಗುರು ಒಳಗೆ ಎಳೆದುಕೊಂಡು ನಡೆಯುವುದರಿಂದ ನಾಲ್ಕು ಬೆರಳು, ಹಿಂದೆ ಒಂದು ಗದ್ದಿಗೆ, ಅಷ್ಟೇ. ನೀರಿನ ತೊಟ್ಟಿಯ ಹತ್ತಿರ ಬಟ್ಟಲಿಟ್ಟು ಪುಡಿ ಉದುರಿಸಿದ ಮೊದಲ ರಾತ್ರಿಯೇ ರೂಪಾಯಿ ನಾಣ್ಯದಷ್ಟು ಅಗಲದ ಹೆಜ್ಜೆ ಮೂಡಿತ್ತು, ಗಂಡು ಬೆಕ್ಕುಗಳದಕ್ಕಿಂತ ಸಣ್ಣದು. ಅದನ್ನು ನೋಡುತ್ತ ಅಲ್ಲೇ ಕೂತುಬಿಟ್ಟೆ.

ಇನ್ನು ಟಾರ್ಚು. ಇದೇ ನಮ್ಮ ಚಿಮಣಿಯನ್ನು ತಂದುಕೊಟ್ಟದ್ದು. ಹಗಲು ಹೆಸರು ಹಿಡಿದು ಕೂಗುತ್ತ ಅದೇ ಸೈಟಿನ ಮುಂದೆ ಎಷ್ಟು ಸಲ ಹೋಗಿದ್ದೆನೋ ಲೆಕ್ಕವಿಲ್ಲ. ಅದು ಓಗೊಡಲಿಲ್ಲ. ಹೆದರಿದ ಬೆಕ್ಕು ಒಡೆಯರ ದನಿ ಕೇಳಿದರೂ ಮಿಯಾಂವ್ ಅನ್ನುವುದಿಲ್ಲ, ಉಸಿರು ಬಿಗಿಹಿಡಿದು ಕೂತಿರುತ್ತದೆ. ಬಿಸಿಲು 42 ಡಿಗ್ರಿ ದಾಟಿದಾಗ ಅದು ನೆರಳು ಬಿಟ್ಟು ಹೊರಬರುವುದೂ ಇಲ್ಲ. ರಾತ್ರಿ ಎರಡರಿಂದ ನಾಲ್ಕರವರೆಗೆ ವಾಹನ ಇಲ್ಲ, ಜನ ಇಲ್ಲ, ಕಲ್ಲು ತಣ್ಣಗಾಗಿರುತ್ತದೆ. ಟಾರ್ಚನ್ನು ಕೈಯಲ್ಲಿ ಕೆಳಗೆ ಹಿಡಿಯಬೇಡಿ, ನಿಮ್ಮ ಕಣ್ಣಿನ ಪಕ್ಕ, ಕಪಾಳಕ್ಕೆ ಹಚ್ಚಿ ಹಿಡಿಯಿರಿ. ಬೆಕ್ಕಿನ ಕಣ್ಣಿನ ಹಿಂಭಾಗದಲ್ಲಿ ಕನ್ನಡಿಯಂಥ ಪದರ ಇದೆ, ಬೆಳಕು ಬಂದ ದಾರಿಯಲ್ಲೇ ತಿರುಗಿ ಹೋಗುತ್ತದೆ. ಟಾರ್ಚು ಕಣ್ಣಿನ ಮಟ್ಟದಲ್ಲಿ ಇದ್ದರೆ ಮಾತ್ರ ಆ ಹೊಳಪು ನಿಮಗೆ ಕಾಣುತ್ತದೆ. ಮೊಬೈಲಿನ ಬೆಳಕು ಹತ್ತು ಹೆಜ್ಜೆಗೆ ಸತ್ತುಹೋಗುತ್ತದೆ, ಹೊಲಕ್ಕೆ ಒಯ್ಯುವ ದೊಡ್ಡ ಟಾರ್ಚು ಬೇಕು. ಮೊಣಕಾಲೂರಿ, ಕೆನ್ನೆ ನೆಲಕ್ಕೆ ತಾಗುವಷ್ಟು ಬಗ್ಗಿ ನೋಡಬೇಕು.

ನಾಲ್ಕನೇ ರಾತ್ರಿಯೇ ಕಣ್ಣು ಹೊಳೆದವು. ಗೋಡೆಗೆ ಒರಗಿಸಿಟ್ಟ ಶಹಾಬಾದ್ ಪರ್ಸಿಗಳ ಸಾಲು, ಕಲ್ಲಿಗೂ ಗೋಡೆಗೂ ನಡುವಿನ ಗೇಣಗಲದ ಸಂದಿ, ಅದರ ಕೊನೆಯಲ್ಲಿ ಎರಡು ಹಸಿರು ಚುಕ್ಕೆ. ಸಂತೋಷಕ್ಕೆ ತಡೆಯಲಾಗದೆ ಕೈ ಒಳಗೆ ಹಾಕಿದೆ. ಮುಂಗೈ ಉದ್ದಕ್ಕೂ ಪರಚಿ, ಆ ಕಡೆಯಿಂದ ಹಾರಿ ಹೋಯಿತು. ಪರಚಿದ ಜಾಗವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದೆ, ಬೆಳಿಗ್ಗೆ ಆಸ್ಪತ್ರೆಗೆ ಹೋಗಿ ರೇಬೀಸ್ ಚುಚ್ಚುಮದ್ದು ಶುರು ಮಾಡಿಸಿದೆ: ಮೊದಲ ದಿನ, ಆಮೇಲೆ 3, 7 ಮತ್ತು 28ನೇ ದಿನ. ಸಾಕಿದ ಬೆಕ್ಕು ಅಂತ ಇದನ್ನು ಬಿಡಬೇಡಿ. ನಾಲ್ಕು ದಿನ ಅದು ಹೊರಗಿತ್ತು, ಯಾವುದರ ಜೊತೆ ಕಚ್ಚಾಡಿತ್ತೋ.

ಆರನೇ ರಾತ್ರಿ ಖಾಲಾ ಸಪ್ಪೆ ಮಟನ್ ಸಾರಿನಲ್ಲಿ ಅನ್ನ ಕಲಸಿ ಡಬ್ಬಿಯಲ್ಲಿ ಕೊಟ್ಟರು. ನಮ್ಮ ಮನೆಯಲ್ಲಿ ಹಾಲನ್ನ, ಮೊಸರನ್ನ ಬಿಟ್ಟು ಬೇರೆ ಮಾಡುವುದಿಲ್ಲ. "ಸಾರ್ ಬಿಸಿ ಇರಬೇಕು ಬೇಟಾ, ವಾಸ್ನಿ ದೂರ ಹೋಗ್ತದ" ಅಂದರು. ಪರ್ಸಿಯಿಂದ ಎರಡು ಮಾರು ದೂರ, ಬೆನ್ನು ತಿರುಗಿಸಿ ಕೂತೆ. ಕರೆಯಲಿಲ್ಲ. ಮನೆಯಲ್ಲಿ ರೊಟ್ಟಿ ಬಡಿಯುವಾಗ ಅದರ ಜೊತೆ ಆಡುವ ಹಾಗೆ ಮೆಲ್ಲಗೆ ಮಾತಾಡುತ್ತಿದ್ದೆ, ಏನು ಮಾತು ಅಂತ ನೆನಪಿಲ್ಲ. ಮುಕ್ಕಾಲು ತಾಸು ಆಗಿರಬೇಕು. ಡಬ್ಬಿಯಲ್ಲಿ ನೆಕ್ಕುವ ಸಪ್ಪಳ ಕೇಳಿತು. ಆಗಲೂ ತಿರುಗಲಿಲ್ಲ. ಆಮೇಲೆ ಸೊಂಟಕ್ಕೆ ತಲೆ ಒತ್ತಿತು. ಕೌದಿ ಹೊದಿಸಿ, ಪೂರ್ತಿ ಸುತ್ತಿ, ಎದೆಗೆ ಒತ್ತಿಕೊಂಡು ಮನೆಗೆ ಬಂದೆ. ಅಲ್ಲಿಂದ ನಮ್ಮ ಬಾಗಿಲಿಗೆ ಎಪ್ಪತ್ತು ಹೆಜ್ಜೆ.

ಆಮೇಲೆ ಓದಿ ತಿಳಿದದ್ದು: 2018ರಲ್ಲಿ ಪ್ರಕಟವಾದ ಒಂದು ಅಧ್ಯಯನ ಕಳೆದುಹೋದ 1210 ಬೆಕ್ಕುಗಳನ್ನು ಲೆಕ್ಕ ಹಾಕಿತ್ತು. ಸಿಕ್ಕವುಗಳಲ್ಲಿ ಶೇ. 75ರಷ್ಟು ತಪ್ಪಿಸಿಕೊಂಡ ಜಾಗದಿಂದ 500 ಮೀಟರ್ ಒಳಗೇ ಇದ್ದವು. ಮೊದಲ ದಿನ ಇದೊಂದು ಗೊತ್ತಿದ್ದರೆ ಆಳಂದದವರಿಗೆ ಫೋಟೊ ಕಳಿಸುತ್ತ ಕೂರುತ್ತಿರಲಿಲ್ಲ. ಹಳೆ ಮನೆಗೆ ಹೋಗಿರಬಹುದು ಅಂತ ಬ್ರಹ್ಮಪುರಕ್ಕೆ ಎರಡು ಸಲ ಹೋಗಿ ಬಂದದ್ದು ಮಾತ್ರ ತಪ್ಪು ಅನ್ನಲಾರೆ. ಹತ್ತಿರದೊಳಗೆ ಮನೆ ಬದಲಿಸಿದರೆ ಕೆಲವು ಬೆಕ್ಕು ಹಾಗೆ ಹೋಗುತ್ತವೆ. ಆದರೆ ಅಲ್ಲಿಯವರಿಗೊಂದು ಫೋನ್ ಮಾಡಿದ್ದರೂ ಸಾಕಾಗುತ್ತಿತ್ತು.

ವೈದ್ಯರು ನೋಡಿ, ಹೊಟ್ಟೆ ತುಂಬ ಒಮ್ಮೆಲೇ ಹಾಕಬೇಡಿ, ಸ್ವಲ್ಪ ಸ್ವಲ್ಪ ಹಾಕಿ ಅಂದರು. ಬೆಕ್ಕು ಕೆಲವು ದಿನ ಉಪವಾಸ ಬಿದ್ದರೆ ಈರಲಿಗೆ, ಅಂದರೆ ಲಿವರಿಗೆ, ಕೊಬ್ಬು ತುಂಬುತ್ತದೆ, ಅದನ್ನೂ ಪರೀಕ್ಷೆ ಮಾಡಿಸಿದೆವು. ಮೈಕ್ರೊಚಿಪ್ ಹಾಕಿಸಬೇಕೋ ಕೊರಳಪಟ್ಟಿ ಸಾಕೋ ಅಂತ ಕೇಳಿದೆ. ಚಿಪ್ಪು ಅಕ್ಕಿಕಾಳಿನಷ್ಟಿದೆ, ಒಳಗೆ 15 ಅಂಕಿಯ ಸಂಖ್ಯೆ. ಅದು ಎಲ್ಲಿದೆ ಅಂತ ಅದೇ ಹೇಳುವುದಿಲ್ಲ, ಯಾರಾದರೂ ಹಿಡಿದು ಯಂತ್ರದಿಂದ ಓದಬೇಕು. ಪರ್ಸಿ ಸಂದಿಯಲ್ಲಿ ಕೂತ ಬೆಕ್ಕಿಗೆ ಅದರಿಂದ ಏನೂ ಆಗುತ್ತಿರಲಿಲ್ಲ. ಸದ್ಯಕ್ಕೆ ಎಳೆದರೆ ತಾನೇ ಬಿಚ್ಚಿಕೊಳ್ಳುವ ಪಟ್ಟಿ ಹಾಕಿದ್ದೇವೆ, ಮೇಲೆ ಫೋನ್ ನಂಬರು.

ಮರುದಿನ ಬೆಳಿಗ್ಗೆ ಎಂಟೂ ಬಣ್ಣದ ಹಾಳೆ ಕಿತ್ತುತಂದೆ. ಬಿಟ್ಟರೆ ಜನ ಪಾಪ ಹುಡುಕುತ್ತಲೇ ಇರುತ್ತಾರೆ. ಕಸದ ಗಾಡಿ ಬರುವ ಹೊತ್ತಿಗೆ ಬಾಗಿಲಲ್ಲೇ ನಿಂತಿದ್ದೆ. ಆ ತಾಯಿ ದೂರದಿಂದಲೇ ನನ್ನ ಮುಖ ನೋಡಿ ಗಾಡಿ ನಿಲ್ಲಿಸಿದರು. "ತೊಟ್ಟಿ ಹತ್ರಾನೇ ಇತ್ತೇನ್ರಿ?" ಅಂದರು.