ಕರಾವಳಿಗೆ ಟೂರ್ ಬಸ್ಸೋ ಕೆಂಪು ಬಸ್ಸೋ: ದಾವಣಗೆರೆಯವರ ಲೆಕ್ಕ

ಬೆಂಗಳೂರಿನಿಂದ ಶುಕ್ರವಾರ ರಾತ್ರಿ ಹೊರಡುವ ಟೂರ್ ಬಸ್ಸುಗಳಿಗೆ ದಾವಣಗೆರೆ ಅಂದರೆ ಬೈಪಾಸ್, ಅಷ್ಟೇ. ಊರೊಳಗೆ ಬರುವುದಿಲ್ಲ. ಗೋಕರ್ಣ, ಮುರುಡೇಶ್ವರ, ಮರವಂತೆ ಎಲ್ಲವನ್ನೂ ವಾರಾಂತ್ಯದಲ್ಲಿ ಮುಗಿಸುವ, ಗುರುತಿಲ್ಲದವರ ಜೊತೆಗಿನ ಬ್ಯಾಕ್‌ಪ್ಯಾಕರ್ ಟೂರು ಮಾಡಿದ್ದೇನೆ. ಅದೇ ಕರಾವಳಿಯನ್ನು ಚಿಕ್ಕಮ್ಮನ ಮಗಳ ಜೊತೆ ಸರ್ಕಾರಿ ಕೆಂಪು ಬಸ್ಸಿನಲ್ಲೂ ಸುತ್ತಿದ್ದೇನೆ. ನನ್ನ ಓಟು ಕೆಂಪು ಬಸ್ಸಿಗೆ. ಅದಕ್ಕೆ ಮುಖ್ಯ ಕಾರಣ ಆ ಪಿಕಪ್ಪು.

ಬುಕ್ ಮಾಡುವಾಗ "ದಾವಣಗೆರೆ ಪಿಕಪ್ ಇದೆ ಮೇಡಂ" ಅಂದಿದ್ದರು. ಹೊರಡುವ ಸಂಜೆ ವಾಟ್ಸಾಪಿಗೆ ಲೊಕೇಶನ್ ಬಂತು: ಹೈವೇ ಅಂಡರ್‌ಪಾಸ್, ರಾತ್ರಿ ಎರಡೂವರೆ. ಆ ಹೊತ್ತಲ್ಲಿ ಮಗಳನ್ನು ಅಲ್ಲಿ ಬಿಟ್ಟು ಬರುವವರಲ್ಲ ನಮ್ಮ ಅಪ್ಪಾಜಿ. ಸ್ಕೂಟರಿನ ಲೈಟ್ ಆರಿಸಿ ಜೊತೆಗೇ ನಿಂತರು. ಕೋಆರ್ಡಿನೇಟರಿಗೆ ಫೋನ್ ಹಚ್ಚಿದರೆ "ಇನ್ನೇನು ಇಪ್ಪತ್ತೇ ನಿಮಿಷ". ಲೈವ್ ಲೊಕೇಶನ್ ತೆಗೆದು ನೋಡಿದರೆ ಚುಕ್ಕೆ ಹಿರಿಯೂರಿನ ಡಾಬಾ ಬಿಟ್ಟು ಅಲ್ಲಾಡುತ್ತಿಲ್ಲ. "ಹಿರಿಯೂರಿಂದ ಇಪ್ಪತ್ತು ನಿಮಿಷಕ್ಕೆ ಬರಾಕೆ ಅದೇನು ವಿಮಾನನಾ?" ಅಂದರು ಅಪ್ಪಾಜಿ. ಇನ್ನೊಂದು ಸಲ ಫೋನ್ ಮಾಡಿದಾಗಲೂ ಅದೇ ಇಪ್ಪತ್ತು ನಿಮಿಷ.

ನಾಲ್ಕರ ಸುಮಾರಿಗೆ ಬಂದ ಬಸ್ಸು ಸರ್ವಿಸ್ ರಸ್ತೆಗೆ ಇಳಿಯಲೇ ಇಲ್ಲ. ನಮ್ಮ ತಲೆಯ ಮೇಲೇ ಹಾದುಹೋಗಿ ಮುಂದೆಲ್ಲೋ ನಿಂತು, "ಬೇಗ ಬನ್ನಿ ಮೇಡಂ, ಹೈವೇಲಿ ಜಾಸ್ತಿ ಹೊತ್ತು ನಿಲ್ಲಿಸೋಕಾಗಲ್ಲ" ಅಂತ ನಮಗೇ ಅವಸರ. ಮತ್ತೆ ಸ್ಕೂಟರ್ ಹತ್ತಿ ಬಸ್ಸಿನ ಬೆನ್ನು ಹತ್ತಿದೆವು. ಒಳಗೆ ಹೋದರೆ ನನ್ನ ಕಿಟಕಿ ಸೀಟಿನಲ್ಲಿ ಯಾವನೋ ಹುಡುಗ ಕುತ್ತಿಗೆಗೆ ದಿಂಬು ಸಿಕ್ಕಿಸಿಕೊಂಡು ಬಾಯಿ ತೆರೆದು ಮಲಗಿದ್ದಾನೆ. ಎಬ್ಬಿಸಲು ಯಾರಿಗೂ ಮನಸ್ಸಿಲ್ಲ. ನನಗೆ ಉಳಿದದ್ದು ಕೊನೆ ಸಾಲಿನ ನಡುವಿನ ಸೀಟು, ಕಾಲಿಡುವಲ್ಲಿ ಯಾರದೋ ಟೆಂಟಿನ ಚೀಲ. ಯಲ್ಲಾಪುರ ದಾಟಿ ಅರಬೈಲು ಘಾಟಿ ಇಳಿಯುವ ಹೊತ್ತಿಗೆ ಬಿಸಿಲೇರಿತ್ತು, ಆದರೆ ಎಲ್ಲ ಕಿಟಕಿಗೂ ಪರದೆ. ಎಲ್ಲರಿಗೂ ನಿದ್ದೆ ಬೇಕಿತ್ತು.

ಇಷ್ಟಕ್ಕೆ ಬೆಂಗಳೂರಿನಲ್ಲಿ ಹತ್ತಿದವರಿಗೂ 4,500 ರೂಪಾಯಿ, ಸುಮಾರು 260 ಕಿ.ಮೀ. ಈಚೆ ಹತ್ತಿದ ನನಗೂ 4,500. ಕೇಳಿದರೆ "ಪ್ಯಾಕೇಜ್ ರೇಟ್ ಮೇಡಂ". ವಾಪಸ್ ಬರುವಾಗಲೂ ಸೋಮವಾರ ಬೆಳಕು ಹರಿಯುವ ಮುಂಚೆ ಅದೇ ಬೈಪಾಸಿನಲ್ಲಿ ಇಳಿಸಿ ಹೋದರು. ಆಟೋ ಸಿಕ್ಕಿತು, ಡಬಲ್ ಚಾರ್ಜಿಗೆ. ಹತ್ತು ಗಂಟೆಗೆ ಆಫೀಸು.

ಕೆಂಪು ಬಸ್ಸಿನಲ್ಲಿ ಮನೆಯ ತಿಂಡಿ ತಿಂದು ಹಗಲಲ್ಲಿ ಹೊರಟೆವು. ಹೊನ್ನಾಳಿ ಮೇಲೆ ಶಿವಮೊಗ್ಗ, ಅಲ್ಲಿ ಬಸ್ಸು ಬದಲಿಸಿ ಸಾಗರ, ತಾಳಗುಪ್ಪ, ಗೇರುಸೊಪ್ಪೆ ಘಾಟಿ ಇಳಿದು ಹೊನ್ನಾವರ. ತಡವಾಗುತ್ತದೆ, ನಿಜ. ಆದರೆ ಶರಾವತಿ ಕಣಿವೆಯನ್ನು ಕಣ್ಣು ಬಿಟ್ಟುಕೊಂಡು ನೋಡುತ್ತಾ ಇಳಿಯಬಹುದು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇರುವುದರಿಂದ ಸಾಮಾನ್ಯ, ಎಕ್ಸ್‌ಪ್ರೆಸ್ ಬಸ್ಸುಗಳಲ್ಲಿ ಆಧಾರ್ ತೋರಿಸಿದರೆ ಹೆಣ್ಣುಮಕ್ಕಳಿಗೆ ದುಡ್ಡಿಲ್ಲ. ಸ್ಲೀಪರ್, ಎಸಿ, ರಾಜಹಂಸಕ್ಕೆ ಅದು ನಡೆಯುವುದಿಲ್ಲ. ಭಟ್ಕಳ ದಾಟಿ ಕುಂದಾಪುರ, ಉಡುಪಿ ಕಡೆ ಹೋದರೆ ಖಾಸಗಿ ಬಸ್ಸುಗಳದೇ ಕಾರುಬಾರು, ಅಲ್ಲೂ ನಡೆಯುವುದಿಲ್ಲ. ಚಿಲ್ಲರೆ ಇಟ್ಟುಕೊಂಡಿರಿ.

ಹೊನ್ನಾವರದಿಂದ ಮುರುಡೇಶ್ವರಕ್ಕೆ ಮಾತ್ರ ಪ್ಯಾಸೆಂಜರ್ ರೈಲು ಹಿಡಿಯಿರಿ. ಕೊಂಕಣ ರೈಲ್ವೆಯ ಶರಾವತಿ ಸೇತುವೆ 2 ಕಿ.ಮೀ.ಗೂ ಉದ್ದ, ಕೆಳಗೆಲ್ಲ ನೀರು. ಟೂರಿನವರ ಪಟ್ಟಿಯಲ್ಲಿ ಇದು ಇರಲೇ ಇಲ್ಲ.

ಮುರುಡೇಶ್ವರದಲ್ಲಿ ಎರಡಕ್ಕೂ ವ್ಯತ್ಯಾಸವಿಲ್ಲ. ಅದೇ 123 ಅಡಿಯ ಶಿವ, ಗೋಪುರದ ಲಿಫ್ಟಿಗೆ ಅದೇ ಕ್ಯೂ.

ಮರವಂತೆಯಲ್ಲಿ ಒಂದು ಪಕ್ಕ ಸಮುದ್ರ, ಇನ್ನೊಂದು ಪಕ್ಕ ಸೌಪರ್ಣಿಕಾ, ನಡುವೆ ಹೆದ್ದಾರಿ. ಟೂರಿನಲ್ಲಿ ಹತ್ತು ನಿಮಿಷ ಕೊಟ್ಟರು, ಅದೂ ಗ್ರೂಪ್ ಫೋಟೋಗೇ ಹೋಯಿತು. ನಾವಿಬ್ಬರೇ ಹೋದಾಗ ಎಳನೀರು ಕುಡಿದು, ಸಾಕೆನಿಸುವ ತನಕ ಕೂತು, ಆಮೇಲೆ ಬಂದ ಬಸ್ಸಿಗೆ ಕೈ ಮಾಡಿದೆವು.

ಇನ್ನು ಗುರುತಿಲ್ಲದವರ ಸಹವಾಸ. ಟೂರ್ ಬಸ್ಸಿನಲ್ಲಿ ಮೈಕ್ ಕೊಟ್ಟು ಹೆಸರು, ಕೆಲಸ, "ನಿಮ್ಮ ಬಗ್ಗೆ ಒಂದು ತಮಾಷೆಯ ಸಂಗತಿ" ಹೇಳಿಸುತ್ತಾರೆ. ನಾನು ಆಡಿಟರ್ ಆಫೀಸಿನಲ್ಲಿ ಟ್ಯಾಲಿ ಎಂಟ್ರಿ ಮಾಡುವವಳು, ಅದರಲ್ಲೇನು ತಮಾಷೆ? ಕೆಂಪು ಬಸ್ಸಿನಲ್ಲಿ ಯಾರೂ ಮೈಕ್ ಕೊಡಲಿಲ್ಲ. ಕುಮಟಾದಿಂದ ಗೋಕರ್ಣಕ್ಕೆ ಹೋಗುವಾಗ ಕೊರಳ ತುಂಬ ಮಣಿಸರ ಹಾಕಿದ್ದ ಹಾಲಕ್ಕಿ ಅಜ್ಜಿಯೊಬ್ಬರು ಬಸಳೆ ಸೊಪ್ಪಿನ ಕಟ್ಟನ್ನು ಕೇಳದೆಯೇ ನನ್ನ ತೊಡೆ ಮೇಲಿಟ್ಟು ಆಧಾರ್ ಹುಡುಕತೊಡಗಿದರು. ಹೆಬ್ಬೆರಳು ದಪ್ಪದ ದಂಟು, ಬುಡದಲ್ಲಿ ಇನ್ನೂ ಒದ್ದೆ ಮಣ್ಣು. ನನ್ನ ಚೂಡಿದಾರಕ್ಕೆಲ್ಲ ಅಂಟಿತು. ಊರು ಯಾವುದೆಂದು ಕೇಳಿ, ಮದುವೆಯಾಗಿದೆಯಾ ಕೇಳಿ, ಆಗಿಲ್ಲ ಅಂದದ್ದಕ್ಕೆ ಹಿಂದಿನ ಸೀಟಿನವರನ್ನೂ ಚರ್ಚೆಗೆ ಕರೆದರು. ಇದು ಎಲ್ಲರಿಗೂ ಹಿಡಿಸದು. ನನಗೆ ಮೈಕಿಗಿಂತ ಎಷ್ಟೋ ಮೇಲು.

ಟೂರಿನವರು ಗೆದ್ದದ್ದು ಗೋಕರ್ಣದ ಬೀಚ್ ಟ್ರೆಕ್ಕಿಂಗಿನಲ್ಲಿ. ಕುಡ್ಲೆಯಿಂದ ಓಂ ಬೀಚಿನ ತನಕ ಯಾರಾದರೂ ನಡೆಯಬಹುದು. ಹಾಫ್ ಮೂನ್ ದಾಟಿ ಪ್ಯಾರಡೈಸಿಗೆ ಹೋಗುವ ಬಂಡೆ, ಕಾಡಿನ ದಾರಿಯಲ್ಲಿ ಹಿಂದೆ ಮುಂದೆ ಜನ ಇದ್ದದ್ದು ಧೈರ್ಯ ಕೊಟ್ಟಿತು. ನಾವಿಬ್ಬರೇ ಹೋದಾಗ ಓಂ ಬೀಚಿನಲ್ಲೇ ಹಿಂತಿರುಗಿದೆವು. ಒಂಟಿಯಾಗಿ ಹೊರಡುವ ಹುಡುಗಿಗೆ ಮನೆಯವರು ಟೂರ್ ಅಂದರೆ ಒಪ್ಪುತ್ತಾರೆ, ಸುಮ್ಮನೆ ಹೋಗಿಬರ್ತೀನಿ ಅಂದರೆ ಒಪ್ಪುವುದಿಲ್ಲ. ಅದೂ ಒಂದು ಲೆಕ್ಕವೇ.

ಊಟದ ವಿಷಯ ಕೇಳಲೇಬೇಡಿ. ಟೂರಿನಲ್ಲಿ ಎರಡೂ ಹೊತ್ತು ವೆಜ್ ಪಲಾವ್. ಕೆಂಪು ಬಸ್ಸಿನ ದಾರಿಯಲ್ಲಿ ಬನ್ಸ್, ನೀರುದೋಸೆ.

ಗೋಕರ್ಣದ ದೇವಸ್ಥಾನದ ಹತ್ತಿರ ಸಣ್ಣ ಲಾಡ್ಜ್, ಊಟ, ರೈಲು, ಖಾಸಗಿ ಬಸ್ಸು ಎಲ್ಲ ಸೇರಿ ನನ್ನ ಪಾಲಿಗೆ ಬಂದದ್ದು 1,800 ರೂಪಾಯಿ ಆಸುಪಾಸು. ಗಂಡಸರು ಬಸ್ ಚಾರ್ಜು ಸೇರಿಸಿಕೊಂಡರೂ ಟೂರಿಗಿಂತ ಕಮ್ಮಿಯೇ. ಸೋಮವಾರ ರಜೆ ಹಾಕಲು ಆಗದವರು, ಬಸ್ಸು ಬದಲಿಸಲು ಬೇಸರ ಇರುವವರು, ಹೊಸ ಸ್ನೇಹಿತರು ಬೇಕೆನ್ನುವವರು ಟೂರಿಗೇ ಹೋಗಲಿ. ದುಡ್ಡು ಕಟ್ಟುವ ಮುಂಚೆ ಊರೊಳಗಿಂದ ಹತ್ತಿಸಿಕೊಳ್ಳುತ್ತೀರಾ, ಸೀಟ್ ನಂಬರ್ ಖಾತ್ರಿಯಾ ಅಂತ ಮೆಸೇಜಿನಲ್ಲಿ ಬರೆಸಿಕೊಳ್ಳಿ. ಮಳೆಗಾಲದಲ್ಲಿ ಎರಡೂ ಬೇಡ, ಬೋಟು ನಿಂತಿರುತ್ತವೆ, ಸಮುದ್ರಕ್ಕೆ ಇಳಿಯಲೂ ಬಿಡುವುದಿಲ್ಲ.