ಸ್ಟಾರ್ ವಾರ್ಸ್ ಎರಡು ಡಿಸ್ಕಿನ ಡಿವಿಡಿ (2006): ಮೈಸೂರಿನ ಅಭಿಮಾನಿ ಕೊಳ್ಳುವ ಮುಂಚೆ

ಶಾಂತಲಾ, ಲಕ್ಷ್ಮಿಯಂಥ ಚಿತ್ರಮಂದಿರಗಳು ಬಾಗಿಲು ಹಾಕಿದ ಮೇಲೆ ಮೈಸೂರಿನಲ್ಲಿ ಹಳೆ ಸಿನಿಮಾ ಅಂದರೆ ಮನೆಯ ಟಿವಿಯೇ. ಸ್ಟಾರ್ ವಾರ್ಸ್ 1977ರಲ್ಲಿ ತೆರೆಗೆ ಬಂದ ಹಾಗೇ ನೋಡಬೇಕು ಅನ್ನುವವರು ಹುಡುಕಬೇಕಾದದ್ದು 2006ರ ಈ ಡಿವಿಡಿ. ಮೊದಲ ಮೂರು ಚಿತ್ರಗಳೂ ಬಿಡಿಬಿಡಿಯಾಗಿ ಬಂದವು. ಒಂದನೇ ಡಿಸ್ಕಿನಲ್ಲಿ 2004ರಲ್ಲಿ ತಿದ್ದಿದ ರೂಪ, ಎರಡನೆಯದರಲ್ಲಿ ‘ಬೋನಸ್’ ಅಂತ ಮೂಲ ಚಿತ್ರ.

ಮೂಲವನ್ನು ಬೋನಸ್ ಅನ್ನುವುದೇ ಅಭಿಮಾನಿಗಳಿಗೆ ನೋವು. ಮೂಲದಲ್ಲಿ ನಾಯಕರಲ್ಲೊಬ್ಬನಾದ ಹಾನ್ ಸೋಲೋ ತನ್ನನ್ನು ಹಿಡಿಯಲು ಬಂದ ಗ್ರೀಡೋಗೆ ಗುಂಡು ಹಾರಿಸುತ್ತಾನೆ, 1997ರಲ್ಲಿ ಗ್ರೀಡೋ ಮೊದಲು ಹಾರಿಸುವಂತೆ ದೃಶ್ಯ ಬದಲಾಯಿತು, 2011ರ ಬ್ಲೂ-ರೇಯಲ್ಲಿ ಖಳ ಡಾರ್ತ್ ವೇಡರ್ ಬಾಯಿಗೆ ‘ನೋ’ ಎಂಬ ಕೂಗು ಸೇರಿತು, 2019ರಲ್ಲಿ ಗ್ರೀಡೋಗೆ ‘ಮಕ್ಲಂಕಿ’ ಎಂಬ ಹೊಸ ಮಾತು ಬಂತು. ಚಿತ್ರ ಮಾಡಿದವರು ತಿದ್ದಲಿ, ತಕರಾರಿಲ್ಲ, ಹಳೆಯದನ್ನು ಅಂಗಡಿಯಿಂದಲೇ ಎತ್ತಿಟ್ಟದ್ದು ತಪ್ಪು. ನಮ್ಮಲ್ಲಿ ‘ಸತ್ಯ ಹರಿಶ್ಚಂದ್ರ’ 2008ರಲ್ಲಿ, ‘ಕಸ್ತೂರಿ ನಿವಾಸ’ 2014ರಲ್ಲಿ ಬಣ್ಣ ತಳೆದು ಬಂದವು. ಕಪ್ಪು-ಬಿಳುಪಿನವೂ ಉಳಿದವು, ಬೇಕಾದವರು ಬೇಕಾದದ್ದನ್ನು ನೋಡಿದರು. ಆದರೆ 2017ರ ಸ್ಟಾರ್ ವಾರ್ಸ್ ಚಿತ್ರದ ನಂತರ ಅದರ ನಟಿ ಕೆಲ್ಲಿ ಮೇರಿ ಟ್ರಾನ್ ಮೇಲೆ ಅಭಿಮಾನದ ಹೆಸರಿನಲ್ಲಿ ಬಿದ್ದ ಬೈಗುಳಕ್ಕೂ ಮೂಲ ಚಿತ್ರ ಬೇಕೆಂಬ ಈ ಬೇಡಿಕೆಗೂ ಸಂಬಂಧವಿಲ್ಲ. ಅದು ಅಭಿಮಾನವೇ ಅಲ್ಲ.

ಈಗ ಗುಣಮಟ್ಟ. ಎರಡನೇ ಡಿಸ್ಕಿನ ಚಿತ್ರವನ್ನು 1993ರ ಲೇಸರ್‌ಡಿಸ್ಕ್‌ಗೆ (ಡಿವಿಡಿಗಿಂತ ಹಿಂದಿನ ದೊಡ್ಡ ಡಿಸ್ಕ್) ಮಾಡಿದ್ದ ಮಾಸ್ಟರ್ ಪ್ರತಿಯಿಂದ ತೆಗೆದಿದ್ದಾರೆ. ಹಳೆಯ ಟಿವಿಗಳ 4:3 ಚೌಕಟ್ಟಿನೊಳಗೆ ಮೇಲೆ ಕೆಳಗೆ ಕಪ್ಪು ಪಟ್ಟಿ ಇಟ್ಟದ್ದರಿಂದ ಅಮೆರಿಕದ ಡಿಸ್ಕಿನ 480 ಗೆರೆಗಳಲ್ಲಿ ಚಿತ್ರಕ್ಕೆ ಸಿಗುವುದು ಸುಮಾರು 270. ಅನಾಮಾರ್ಫಿಕ್ ಮಾಡಿದ್ದರೆ, ಅಂದರೆ ಅಗಲದ ಟಿವಿಗೆ ಹೊಂದುವಂತೆ ತುಂಬಿದ್ದರೆ, 360ರಷ್ಟು ಸಿಗುತ್ತಿತ್ತು. ನಾಯ್ಸ್ (ಚಿತ್ರದ ಮೇಲಿನ ಚುಕ್ಕೆಚುಕ್ಕೆ ಕಲೆ) ತೆಗೆಯುವ ಭರದಲ್ಲಿ ಚಲಿಸುವ ವಸ್ತುಗಳ ಹಿಂದೆ ಮಸುಕೂ ಉಳಿದಿದೆ. ಅಗಲದ ಟಿವಿಯಲ್ಲಿ ಚಿತ್ರ ನಾಲ್ಕೂ ಕಡೆ ಕಪ್ಪು ಅಂಚಿನ ನಡುವೆ ಪುಟ್ಟದಾಗಿ ಕೂತರೆ ರಿಮೋಟಿನಲ್ಲಿ ‘ಝೂಮ್’ ಒತ್ತಿ. ‘ಸ್ಟ್ರೆಚ್’ ಬೇಡ, ಮುಖಗಳು ಅಗಲವಾಗುತ್ತವೆ. ಝೂಮ್‌ನಲ್ಲಿ ಕೆಳಗಿನ ಅಡಿಬರಹ ಕತ್ತರಿಸಿಹೋದರೆ ಚಿತ್ರವನ್ನು ಸ್ವಲ್ಪ ಮೇಲೆ ಸರಿಸಿ, ಆ ಸೌಲಭ್ಯ ಬಹಳ ಟಿವಿಗಳಲ್ಲಿದೆ. 32 ಇಂಚಿಗೆ ಪರವಾಗಿಲ್ಲ. ಪ್ರೊಜೆಕ್ಟರಿನಲ್ಲಿ ಹಾಕಿದರೆ ಬೇಸರವಾಗುತ್ತದೆ.

ಕೊಳ್ಳುವಾಗ ಎಡವುವುದು ಎರಡು ಕಡೆ. ಒಂದು, ರೀಜನ್, ಅಂದರೆ ಡಿವಿಡಿ ಯಾವ ದೇಶದ ಪ್ಲೇಯರ್‌ನಲ್ಲಿ ಓಡಬೇಕು ಎಂಬ ಸಂಖ್ಯೆ. ಅಮೆರಿಕದ ಡಿವಿಡಿ ರೀಜನ್ 1, ಬ್ರಿಟನ್ನಿನದು 2, ನಮ್ಮದು 5. ಹೊರದೇಶದ ಪ್ರತಿ ತರಿಸುವವರಿಗೆ ಎಲ್ಲ ರೀಜನ್ ಓದುವ ಪ್ಲೇಯರ್ ಬೇಕು. ಅರಸು ರಸ್ತೆಯಲ್ಲಿ ಕೊಂಡರೂ ಸರಿ, ಬೇರೆಡೆ ಕೊಂಡರೂ ಸರಿ, ಅದೊಂದನ್ನು ಕೇಳಿಕೊಂಡೇ ದುಡ್ಡು ಕೊಡಿ. ಇನ್ನೊಂದು, ಹಳೇ ಪ್ರತಿ ಮಾರುವವರ ಡಬ್ಬಿಯಲ್ಲಿ ಎಷ್ಟೋ ಸಲ ಒಂದನೇ ಡಿಸ್ಕ್ ಮಾತ್ರ ಇರುತ್ತದೆ. ಎರಡನೆಯದು ಅಸಲಿಯೇ ಅನ್ನುವುದಕ್ಕೆ ಗುರುತುಗಳಿವೆ: ಮೊದಲ ಚಿತ್ರದ ಆರಂಭದಲ್ಲಿ ತೇಲಿಹೋಗುವ ಬರಹದಲ್ಲಿ ‘ಎಪಿಸೋಡ್ 4’ ಇರಬಾರದು, ಅದು 1981ರಲ್ಲಿ ಸೇರಿದ್ದು. ಎರಡನೇ ಚಿತ್ರದಲ್ಲಿ ಚಕ್ರವರ್ತಿಯಾಗಿ ಇಯಾನ್ ಮೆಕ್‌ಡಿಯಾರ್ಮಿಡ್ ಮುಖ ಕಂಡರೆ ಅದು ತಿದ್ದಿದ್ದು. ಮೂರನೆಯದರ ಕೊನೆಯಲ್ಲಿ ಅನಾಕಿನ್ (ವೇಡರ್‌ನ ಮೊದಲ ಹೆಸರು) ಆತ್ಮವಾಗಿ ವಯಸ್ಸಾದ ಸೆಬಾಸ್ಟಿಯನ್ ಶಾ ನಿಂತಿರಬೇಕು, ಹೇಡನ್ ಕ್ರಿಸ್ಟೆನ್ಸನ್ ಅಲ್ಲ.

2020ರ 4ಕೆ (ಬ್ಲೂ-ರೇಗಿಂತಲೂ ಸ್ಪಷ್ಟವಾದ) ಡಿಸ್ಕುಗಳ ಬಾಕ್ಸ್ ಚಿತ್ರದ ಸ್ಪಷ್ಟತೆಯಲ್ಲಿ ಎಷ್ಟೋ ಪಾಲು ಮೇಲು, 4ಕೆ ಡಿಸ್ಕಿಗೆ ರೀಜನ್ ಕಾಟವೂ ಇಲ್ಲ. ಆದರೆ ಅದರಲ್ಲಿರುವುದು ತಿದ್ದಿದ ರೂಪವೇ. ಮೂಲ ಬೇಕಾದವರು ಅದಕ್ಕೆ ದುಡ್ಡು ಹಾಕಬೇಡಿ.