ಹಳೇ ಪಾಯಿಂಟ್ 22 ರಿವಾಲ್ವರ್ ತಗೊಳ್ಳುವ ಮುಂಚೆ ಹ್ಯಾಮರ್ ನಿಧಾನಕ್ಕೆ ಎಳೆದು ನೋಡಿ

ಎರಡು ತಿಂಗಳು ನನ್ನ ಕೈಯನ್ನೇ ಬೈದುಕೊಂಡೆ. ತಪ್ಪು ಕೈಯದ್ದಲ್ಲ. ರಿವಾಲ್ವರ್‌ದು. ಮಾರಿದವರಿಗೆ ಅದು ಮೊದಲೇ ಗೊತ್ತಿತ್ತು. ಇದನ್ನು ಬರೆಯುವಾಗಲೂ ಮೈ ಉರಿಯುತ್ತಿದೆ.

ಆರು ಗುಂಡಿನ ರಿವಾಲ್ವರ್. ಪಾಯಿಂಟ್ 22 ಲಾಂಗ್ ರೈಫಲ್ ಅನ್ನುವ ಚಿಕ್ಕ ತೋಟಾದ್ದು. ಕಾಗದಪತ್ರ ಎಲ್ಲ ಸರಿಯಾಗಿತ್ತು, ಅದರಲ್ಲಿ ಏನೂ ತಕರಾರಿಲ್ಲ. ಹೊರಗಿನಿಂದ ನೋಡಿದರೆ ಕಣ್ಣಿಗೆ ಒತ್ತಿಕೊಳ್ಳುವ ಹಾಗಿತ್ತು. ಗೀರಿಲ್ಲ, ತುಕ್ಕಿಲ್ಲ. ಬ್ಯಾರೆಲ್ ಒಳಗೆ ಟಾರ್ಚ್ ಬಿಟ್ಟು ನೋಡಿದೆ, ಗುಂಡನ್ನು ತಿರುಗಿಸುವ ಗೆರೆಗಳು ಚೂಪಾಗಿದ್ದವು. ಬಾಯಿಯ ಅಂಚು ಎಲ್ಲೂ ಜಜ್ಜಿರಲಿಲ್ಲ. ತೋಟಾ ತುಂಬುವ, ತಿರುಗುವ ಸಿಲಿಂಡರ್ ಹಿಡಿದು ಅಲ್ಲಾಡಿಸಿದೆ, ಬಿಗಿಯಾಗಿತ್ತು. ಇಷ್ಟು ನೋಡಿದರೆ ಸಾಕು ಅಂದುಕೊಂಡೆ. ನೀವೂ ಅಷ್ಟೇ ನೋಡುತ್ತೀರಿ, ಅಲ್ವಾ?

ಮಾರಿದವರು ಹ್ಯಾಮರ್, ಅಂದರೆ ಹೆಬ್ಬೆರಳಿಂದ ಹಿಂದಕ್ಕೆ ಎಳೆಯುವ ಸುತ್ತಿಗೆ, ಎಳೆದು ತೋರಿಸಿದ್ದು ನನಗೆ ಚೆನ್ನಾಗಿ ನೆನಪಿದೆ. ಪಟಪಟ ಅಂತ ಆರು ಸಲ ಎಳೆದರು, ಆರು ಸಲ ಬಿಟ್ಟರು. ಸಿಲಿಂಡರ್ ಟಕ್ ಟಕ್ ಅಂತ ತಿರುಗಿ ನಿಂತಿತು. "ಗಡಿಯಾರದ ಹಾಗೆ ಇದೆ ನೋಡಿ" ಅಂದರು. ನಾನೂ ತಲೆ ಆಡಿಸಿದೆ.

ಮನೆಗೆ ತಂದು, ಮೊದಲ ಸಲ ಹದಿನೈದು ಮೀಟರ್‌ನಲ್ಲಿ ಹೊಡೆದೆ. ಕೈ ಕೆಳಗೆ ಮರಳಿನ ಚೀಲ ಇಟ್ಟುಕೊಂಡು, ಉಸಿರು ಹಿಡಿದು. ಆರು ಗುಂಡು ಬಿದ್ದ ಜಾಗ ನನ್ನ ಅಂಗೈಗಿಂತ ದೊಡ್ಡದು. ನಾಲ್ಕು ಒಟ್ಟಿಗೆ, ಎರಡು ಎಲ್ಲೋ. ಮತ್ತೆ ಹೊಡೆದೆ. ಮತ್ತೆ ಅದೇ.

ಮಾರಿದವರಿಗೆ ಫೋನ್ ಮಾಡಿದೆ. "ಹೊಸದಾಗಿ ಹಿಡಿದಿದ್ದೀರಿ, ಕೈ ಕೂರಬೇಕು" ಅಂದರು. ಸರಿ, ಇರಬಹುದು ಅಂತ ಸುಮ್ಮನಾದೆ.

ಎರಡನೇ ಸಲ ಕೇಳಿದಾಗ "ತೋಟಾ ಬದಲಾಯಿಸಿ ನೋಡಿ" ಅಂದರು. ಈ ಮಾತು ಪೂರ್ತಿ ಸುಳ್ಳಲ್ಲ, ಅದಕ್ಕೇ ನಂಬಿದೆ. ಪಾಯಿಂಟ್ 22ರಲ್ಲಿ ಒಂದೊಂದು ಬಂದೂಕಿಗೆ ಒಂದೊಂದು ತೋಟಾ ಒಗ್ಗುತ್ತದೆ. ದೊಡ್ಡ ತೋಟಾಗಳ ಹಾಗೆ ನಾವೇ ಮದ್ದು ಅಳೆದು ತುಂಬಿಕೊಳ್ಳುವಂತಿಲ್ಲ. ಸಿಕ್ಕಿದ್ದನ್ನು ತಂದು ಹೊಡೆದೇ ನೋಡಬೇಕು. ನಾಲ್ಕು ತರಹದ್ದು ತಂದೆ. ನಿಧಾನದ್ದು, ವೇಗದ್ದು, ಸ್ಪರ್ಧೆಗೆ ಬಳಸುವ ದುಬಾರಿಯದ್ದೂ ತಂದೆ. ನಾಲ್ಕರಲ್ಲೂ ಅದೇ ಕಥೆ. ಬ್ಯಾರೆಲ್‌ನಲ್ಲಿ ಸೀಸ ಕಟ್ಟಿರಬಹುದು ಅಂತ ಕಂಚಿನ ಬ್ರಷ್ ಹಾಕಿ ಉಜ್ಜಿದೆ. ಸಿಲಿಂಡರ್‌ನಲ್ಲಿ ತೋಟಾ ಕೂರುವ ಚೇಂಬರ್‌ಗಳನ್ನೂ ಉಜ್ಜಿದೆ. ಗುರಿ ನೋಡುವ ಸೈಟ್‌ನ ಸ್ಕ್ರೂ ಬಿಗಿ ಮಾಡಿದೆ. ಏನೂ ಆಗಲಿಲ್ಲ.

ಮೂರನೇ ಸಲ ಅವರು ಹೇಳಿದ್ದು: "ಪಾಯಿಂಟ್ ಟೂ ಟೂ ಅಂದ್ರೆ ಅಷ್ಟೇ ಸಾರ್. ಆಟಕ್ಕೆ ಹೊಡೆಯೋದು."

ಅಷ್ಟೇ ಅಲ್ಲ! ಗೆಳೆಯನೊಬ್ಬ ತನ್ನ ರಿವಾಲ್ವರ್ ಕೊಟ್ಟ. ಅದೇ ತೋಟಾ, ಅದೇ ಚೀಲ, ಅದೇ ನನ್ನ ಕೈ. ಆರೂ ಗುಂಡು ನಾಲ್ಕು ಸೆಂಟಿಮೀಟರ್ ಒಳಗೆ ಬಿದ್ದವು. ಅವತ್ತು ಕೈಯನ್ನು ಬೈಯುವುದು ನಿಲ್ಲಿಸಿದೆ.

ಇನ್ನೊಂದು ವಿಷಯ ಅವತ್ತೇ ಆಯಿತು. ನಾನು ನನ್ನ ರಿವಾಲ್ವರ್ ಹೊಡೆಯುವಾಗ ಪಕ್ಕದಲ್ಲಿ ನಿಂತಿದ್ದ ಗೆಳೆಯ ಕೆನ್ನೆ ಮುಟ್ಟಿಕೊಂಡು "ಏನೋ ಚುಚ್ಚಿತು" ಅಂದ. ಸೀಸದ ಚೂರು. ಕನ್ನಡಕ ಹಾಕಿದ್ದಕ್ಕೆ ಕಣ್ಣು ಉಳಿಯಿತು. ಇದನ್ನು ನೆನೆಸಿಕೊಂಡರೆ ಈಗಲೂ ಕೈ ತಣ್ಣಗಾಗುತ್ತದೆ.

ಗೆಳೆಯನೇ ದಾರಿ ಹೇಳಿದ. ಸಿಲಿಂಡರ್ ಮೇಲೆ ಮಾರ್ಕರ್‌ನಲ್ಲಿ 1ರಿಂದ 6 ಬರೆ. ಆರು ಗುರಿ ಹಚ್ಚು. ಒಂದೊಂದು ಚೇಂಬರ್‌ದು ಒಂದೊಂದು ಗುರಿಗೆ ಹೊಡೆ. ಹಾಗೇ ಐದು ಸುತ್ತು ಹೊಡೆದೆ, ಒಟ್ಟು 30 ಗುಂಡು. ನಾಲ್ಕು ಗುರಿಗಳಲ್ಲಿ ಗುಂಡು ಅಚ್ಚುಕಟ್ಟಾಗಿ ಕೂತಿತ್ತು. 2 ಮತ್ತು 5ರದ್ದು ಚೆಲ್ಲಾಪಿಲ್ಲಿ. ಎರಡು ತಿಂಗಳ ಒದ್ದಾಟಕ್ಕೆ ಒಂದು ಗಂಟೆಯಲ್ಲಿ ಉತ್ತರ ಸಿಕ್ಕಿತು.

ಆಮೇಲೆ ಖಾಲಿ ಇದೆ ಅಂತ ಎರಡು ಸಲ ನೋಡಿಕೊಂಡು, ಸಿಲಿಂಡರ್ ಮೇಲೆ ಒಂದು ಬೆರಳು ಹಗುರಾಗಿ ಒತ್ತಿ, ಹ್ಯಾಮರನ್ನು ತೀರಾ ನಿಧಾನಕ್ಕೆ ಎಳೆದೆ. ಹ್ಯಾಮರ್ ಪೂರ್ತಿ ಹಿಂದೆ ಬಂದು ನಿಲ್ಲುವಷ್ಟರಲ್ಲಿ ಸಿಲಿಂಡರ್ ತನ್ನ ಜಾಗಕ್ಕೆ ಬಂದು ಬೀಗ ಬೀಳಬೇಕು. ನಾಲ್ಕಕ್ಕೆ ಬಿತ್ತು. 2 ಮತ್ತು 5ಕ್ಕೆ ಬೀಳಲೇ ಇಲ್ಲ. ಹ್ಯಾಮರ್ ನಿಂತಿದೆ, ಟ್ರಿಗರ್ ಒತ್ತಿದರೆ ಗುಂಡು ಹಾರುತ್ತದೆ, ಸಿಲಿಂಡರ್ ಮಾತ್ರ ಕೂದಲೆಳೆಯಷ್ಟು ಹಿಂದೆ ಉಳಿದಿದೆ.

ಹೀಗಿದ್ದಾಗ ಚೇಂಬರ್ ಮತ್ತು ಬ್ಯಾರೆಲ್ ನೇರಕ್ಕೆ ನಿಲ್ಲುವುದಿಲ್ಲ. ಗುಂಡು ಬ್ಯಾರೆಲ್‌ನ ಹಿಂಬಾಯಿಯ ಅಂಚಿಗೆ ತಾಗಿಕೊಂಡು ಒಳಗೆ ಹೋಗುತ್ತದೆ. ಮೆತ್ತಗಿನ ಸೀಸ ಅಲ್ವಾ, ಒಂದು ಪಕ್ಕ ಹೆರೆದುಹೋಗುತ್ತದೆ. ಆ ಹೆರೆದ ಚೂರೇ ಗೆಳೆಯನ ಕೆನ್ನೆಗೆ ಬಿದ್ದದ್ದು. ವಾರೆಯಾದ ಗುಂಡು ಗುರಿಗೆ ಹೋಗುವುದಾದರೂ ಹೇಗೆ?

ಪಟಪಟ ಎಳೆದರೆ ಇದು ಕಾಣುವುದೇ ಇಲ್ಲ. ಸಿಲಿಂಡರ್ ತಿರುಗಿದ ವೇಗಕ್ಕೆ ತಾನೇ ಮುಂದೆ ಹೋಗಿ ಬೀಗಕ್ಕೆ ಬೀಳುತ್ತದೆ. ಅವರು ತೋರಿಸಿದ್ದು ಹಾಗೇ. ಪಟಪಟ.

ಆದರೂ ಅವರಿಗೆ ಗೊತ್ತಿರಲಿಲ್ಲವೇನೋ ಅಂದುಕೊಂಡಿದ್ದೆ. ನಾಲ್ಕನೇ ಸಲ ಫೋನ್ ಮಾಡಿದೆ. "ಸಿಲಿಂಡರ್‌ನಲ್ಲಿ ತೊಂದರೆ ಇದೆ ಅನ್ನಿಸುತ್ತೆ" ಅಂದೆ. ಇಷ್ಟೇ ಅಂದದ್ದು. ಎಷ್ಟು ಚೇಂಬರ್ ಅಂತ ಹೇಳಲಿಲ್ಲ. ಯಾವುದು ಅಂತಲೂ ಹೇಳಲಿಲ್ಲ. ಅವರು ಒಂದು ಕ್ಷಣವೂ ಯೋಚಿಸದೆ ಅಂದರು: "ಆ ಎರಡು ಬಿಟ್ಟು ನಾಲ್ಕು ಹಾಕ್ಕೊಂಡು ಹೊಡೀರಿ ಸಾರ್, ಏನೂ ತೊಂದರೆ ಇಲ್ಲ."

ಆ ಎರಡು.

ನಾನು ಫೋನ್ ಹಿಡಿದುಕೊಂಡು ಹಾಗೇ ನಿಂತೆ. ಎರಡು ಅಂತ ನಾನು ಹೇಳಿರಲಿಲ್ಲ. ಹೇಳಿರಲೇ ಇಲ್ಲ. ಕೈ ಕೂರಬೇಕು, ತೋಟಾ ಬದಲಾಯಿಸಿ, ಟೂ ಟೂ ಅಂದ್ರೆ ಅಷ್ಟೇ ಅಂತ ಎರಡು ತಿಂಗಳು ಹೇಳುತ್ತಾ ಬಂದವರಿಗೆ ಎಲ್ಲ ಗೊತ್ತಿತ್ತು. "ನಿಮಗೆ ಹೇಗೆ ಗೊತ್ತಾಯಿತು?" ಅಂತ ಕೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ತಗೊಳ್ಳುವಾಗ ನೀವೇ ನೋಡಿಕೊಂಡೇ ತಗೊಂಡ್ರಲ್ವಾ." ಫೋನ್ ಇಟ್ಟರು. ಮತ್ತೆ ಎತ್ತಿಲ್ಲ. ಮೆಸೇಜ್‌ಗೂ ಉತ್ತರ ಇಲ್ಲ.

ನಾಚಿಕೆ ಆಗುತ್ತಿದೆ. ನಾನು ಹೊಸಬನಲ್ಲ. ಆದರೂ ನಯವಾದ ಮಾತಿಗೆ, ಹೊಳಪಿಗೆ ಬಿದ್ದೆ.

ರಿಪೇರಿಯವರು ಬಿಚ್ಚಿ ನೋಡಿ ಹೇಳಿದ್ದು: ಸಿಲಿಂಡರ್ ಹಿಂದೆ ನಕ್ಷತ್ರದ ಹಾಗೆ ಹಲ್ಲುಗಳಿರುತ್ತವೆ, ಅವುಗಳಲ್ಲಿ ಎರಡು ಸವೆದಿವೆ. ಆ ಹಲ್ಲನ್ನು ತಳ್ಳುವ ಚಿಕ್ಕ ತುಂಡಿನ ತುದಿಯೂ ಸವೆದಿದೆ. ಆ ತುಂಡು ಹೊಸದು ಹಾಕಿ, ಉಜ್ಜಿ ಕೂರಿಸಬಹುದು. ಅಲ್ಲಿಯವರೆಗೆ ಒಂದು ಗುಂಡೂ ಹೊಡೆಯಬೇಡಿ ಅಂದರು. ಇನ್ನೊಂದನ್ನೂ ತೋರಿಸಿದರು. ಚೇಂಬರ್‌ಗಳ ಅಂಚಿನಲ್ಲಿ ಪಿನ್ನು ಹೊಡೆದ ಚಿಕ್ಕ ತಗ್ಗುಗಳು. ಪಾಯಿಂಟ್ 22ರಂಥ ರಿಮ್‌ಫೈರ್‌ನಲ್ಲಿ ಪಿನ್ನು ತೋಟಾದ ಅಂಚಿಗೆ ಬಡಿಯುತ್ತದೆ. ಖಾಲಿ ಹೊಡೆದರೆ, ಎಷ್ಟೋ ಹಳೇ ರಿವಾಲ್ವರ್‌ಗಳಲ್ಲಿ ಅದು ನೇರವಾಗಿ ಚೇಂಬರ್ ಅಂಚಿಗೇ ಬಡಿಯುತ್ತದೆ. ಮಾರಿದವರು ನನ್ನ ಕಣ್ಣೆದುರಿಗೇ ಆರು ಸಲ ಖಾಲಿ ಹೊಡೆದರು. ನಾನು ನಿಂತು ನೋಡಿದೆ.

ಹಾಗಾಗಿ ತಗೊಳ್ಳುವವರು ದಯವಿಟ್ಟು ಮಾರುವವರ ಕೈಯಲ್ಲಿ ನೋಡಬೇಡಿ, ನಿಮ್ಮ ಕೈಗೆ ತಗೊಳ್ಳಿ. ಬೆರಳು ಒತ್ತಿ, ನಿಧಾನಕ್ಕೆ, ಪ್ರತಿ ಚೇಂಬರ್‌ಗೂ ಹ್ಯಾಮರ್ ಎಳೆಯಿರಿ. ಆಮೇಲೆ ಹ್ಯಾಮರನ್ನು ಹಿಡಿದುಕೊಂಡೇ ಇಳಿಸಿ, ಖಾಲಿ ಬಡಿಯಬೇಡಿ. ಹಿಂಬಾಯಿಯ ಒಂದೇ ಪಕ್ಕಕ್ಕೆ ಸೀಸ ಮೆತ್ತಿದೆಯಾ ನೋಡಿ. ಹೊಡೆದು ನೋಡಲು ಬಿಡುವುದಿಲ್ಲ ಅಂದರೆ ಎದ್ದು ಬನ್ನಿ. ನನಗೂ ಬಿಟ್ಟಿರಲಿಲ್ಲ, "ಈಗ ತಾನೇ ಕ್ಲೀನ್ ಮಾಡಿದ್ದೀನಿ" ಅಂದಿದ್ದರು.

ಅವತ್ತು ಅವರ ಮೇಜಿನ ಮೇಲೆ ಇನ್ನೂ ಎರಡು ಪಾಯಿಂಟ್ 22 ರಿವಾಲ್ವರ್ ಇದ್ದವು. ಎರಡೂ ಹೀಗೇ ಹೊಳೆಯುತ್ತಿದ್ದವು.